ಮನಿ ಮಂದಿಗೆಲ್ಲಾ 24 ಒಗಟಿನ ಅಡ್ವೆಂಟ್ ಕ್ಯಾಲೆಂಡರ್: ಹೆಂಗ ಮಾಡೂದು, ಒಳಗ ಏನ ಹಾಕೂದು?

ಸಪ್ತಾಪುರದ ಅಕ್ಕ

ಎಲ್ಲಾರಿಗೂ ನಮಸ್ಕಾರ್ರಿ. ಕ್ರಿಸ್ಮಸ್ ದಾರಿ ನೋಡ್ಕೋತ ಡಿಸೆಂಬರ್ 1ರಿಂದ 24ರ ತನಕ ದಿನಕ್ಕೊಂದು ಖಾನಿ ತಗಿಯೂ ಅಡ್ವೆಂಟ್ ಕ್ಯಾಲೆಂಡರ್ ನಮ್ಮ ಮನ್ಯಾಗ ಪ್ರತಿ ವರ್ಷ ಇರತೈತಿ. ಅಂಗಡ್ಯಾಗ ಸಿಗೂದರಾಗ ಚಾಕ್ಲೇಟ್ ಇರತಾವ. ಹುಡುಗ್ರು ಮುಂಜಾನೆ ಎದ್ದು ಖಾನಿ ಹರದು, ಬಾಯಾಗ ಹಾಕ್ಕೊಂಡು ಸಾಲಿಗೆ ಓಡತಾರ. ಎಲ್ಲಾರೂ ಕೂಡಿ ಮಾಡೂದು ಅದರಾಗ ಏನೂ ಇಲ್ಲ. ಈ ಸಲ ಚಾಕ್ಲೇಟ್ ಬದಲಿ ದಿನಕ್ಕೊಂದು ಒಗಟು ಇಟ್ಟು, ರಾತ್ರಿ ಊಟಕ್ಕ ಮೊದಲ ಎಲ್ಲಾರೂ ಕುಂತು ಬಿಡಸೂ ಹಂಗ ಮಾಡಬೇಕು ಅಂತ ಮನಸ್ಸು ಮಾಡೀನಿ.

ಮನ್ಯಾಗ ಯಾರ್ಯಾರು ಅದಾರ ಅಂತ ಮೊದಲ ಹೇಳಿಬಿಡ್ತೀನಿ. ಅತ್ತಿಯವರಿಗೆ ಎಂಬತ್ತರ ಹತ್ರ ವಯಸ್ಸು. ನೆನಪು ಗಟ್ಟಿ, ಕಣ್ಣು ಸ್ವಲ್ಪ ಮಂದ, ಇಂಗ್ಲಿಷ್ ಬರೂದಿಲ್ಲ. ಮಗಳು 9ನೇ ಇಯತ್ತೆ, ಲೆಕ್ಕದಾಗ ಭಾಳ ಹುಷಾರ, ಕನ್ನಡ ಓದೂದು ನಿಧಾನ. ಮಗ 5ನೇ ಇಯತ್ತೆ, ಒಂದ ಕಡೆ ಕೂಡೂದಿಲ್ಲ, ಕೈಯಾಗ ಏನರ ಇರಾಕಬೇಕು. ಮನಿಯವರು ಹುಬ್ಬಳ್ಳ್ಯಾಗ ಕೆಲಸ ಮುಗಿಸಿ ಚಿಗರಿ ಬಸ್ ಹಿಡದು ಮನಿ ಮುಟ್ಟೂದ್ರಾಗ ಎಂಟು ಹೊಡದಿರತೈತಿ. ಮೈದುನ ಪುಣೆದಾಗ ಅದಾನ, ಅಂವಾ ಫೋನಿನ್ಯಾಗ ಕೂಡ್ಕೋತಾನ.

ಒಗಟು ಒಂದಕ್ಕೊಂದು ಜೋಡಿ ಇರಬೇಕೋ, ಬಿಡಿಬಿಡಿ ಇದ್ರ ನಡೀತದೋ? ಮಗಳೊಬ್ಬಾಕಿನಽ ಎಲ್ಲಾ ಬಿಡಿಸಿ, ಉಳಿದಾವರು ನೋಡ್ಕೋತ ಕುಂಡ್ರೂದು ಆಗಬಾರದು. ನನಗ ಮುಖ್ಯ ಚಿಂತಿ ಅದಽ. ಬಲ್ಲಾವರು ಹೇಳ್ರಿ.

ಬೆಟಗೇರಿ ಮಾಸ್ತರ

ತಂಗಿ, ಕಡೇ ದಿನದಿಂದ ಸುರು ಮಾಡ್ರಿ. 24ನೇ ತಾರೀಖು ರಾತ್ರಿ ಮನಿ ಮಂದಿ ಕೈಯಾಗ ಏನು ಇರಬೇಕು ಅನ್ನೂದು ಮೊದಲ ಗಟ್ಟಿ ಆಗಲಿ. ಆಮ್ಯಾಲ ಹಿಂದಕ್ಕ ಬರ್ರಿ.

ನನ್ನ ಸಲಹೆ: 24 ಅಕ್ಷರದ ಒಂದು ವಾಕ್ಯ ಕಟ್ಟಿರಿ. ಒಂದೊಂದು ಒಗಟಿನ ಉತ್ತರದಿಂದ ಒಂದೊಂದು ಅಕ್ಷರ. ಕೂಡಿಸಿದರ ಕ್ರಿಸ್ಮಸ್ ಉಡುಗೊರೆ ಎಲ್ಲಿ ಇಟ್ಟೀರಿ ಅನ್ನೂದು ಗೊತ್ತಾಗಬೇಕು. ಕುಂತು ಒಂದು ಕಟ್ಟೀನಿ, ನೋಡ್ರಿ:

ಅಜ್ಜಿಯ ಹಳೆಯ ಪೆಟ್ಟಿಗೆ ಕೆಳಗೆ ಇರುವ ಕೆಂಪು ಚೀಲ ತೆಗೆದು ನೋಡಿ

ಎಣಿಸಿ ನೋಡ್ರಿ, ಬರೋಬ್ಬರಿ 24. ಕನ್ನಡದಾಗ ಎಣಿಸೂ ಮುಂದ ಒತ್ತಕ್ಷರ, ಕಾಗುಣಿತ, ಸೊನ್ನಿ ಎಲ್ಲಾ ಕೂಡಿಯೇ ಒಂದಕ್ಷರ. 'ಜ್ಜಿ' ಒಂದು, 'ಟ್ಟಿ' ಒಂದು, 'ಕೆಂ' ಒಂದು. ಪದಬಂಧದ ಚೌಕದಾಗ ಹೆಂಗ ತುಂಬತೀವೋ ಹಂಗ. ಇದನ್ನ ಮಕ್ಕಳಿಗೆ ಮೊದಲನೇ ದಿನಾನಽ ಹೇಳಿಬಿಡ್ರಿ. ಇಂಗ್ಲಿಷ್ ಸಾಲಿ ಹುಡುಗ್ರು ಒತ್ತು ಬ್ಯಾರೆ, ಅಕ್ಷರ ಬ್ಯಾರೆ ಅಂತ ಎಣಸ್ತಾರ.

ಮೊದಲ ನಾನು 'ಪೆಟ್ಟಿಗೆ' ಜಾಗಾದಾಗ 'ಟ್ರಂಕಿನ' ಅಂತ ಬರದಿದ್ದೆ. ಆದ್ರ 'ಟ್ರಂ' ಇರೂ ಬ್ಯಾರೆ ಶಬ್ದ ಹುಡುಕೂದು ಕಷ್ಟ. 'ಟ್ಟಿ' ಆದ್ರ ನಮ್ಮ ಭಾಗದಾಗ ಹುಡುಕಾಕ ಹೋಗೂದಽ ಬ್ಯಾಡ, ರೊಟ್ಟಿ ದಿನಾ ಗಂಗಾಳದಾಗ ಇರತೈತಿ. 'ಜ್ಜಿ' ಮಜ್ಜಿಗೆಯಾಗ ಐತಿ. 'ಚೀ'ಗೆ ಚೀಟಿ, 'ನೋ'ಗೆ ನೋಟು, 'ಕೆಂ'ಗೆ ಕೆಂಡ, 'ತೆ'ಗೆ ಜೋಳದ ತೆನೆ. 'ಇ'ಗೆ ಇಳಕಲ್ ಸೀರಿ. ವಾಕ್ಯ ಕಟ್ಟೂವಾಗಲೇ ಹಿಂಗ ಪ್ರತಿ ಅಕ್ಷರಕ್ಕ ಒಂದು ಶಬ್ದ ಸಿಗತೈತೋ ಇಲ್ಲೋ ನೋಡ್ಕೋತ ಹೋಗಬೇಕು.

ಉಣಕಲ್ ಹುಡುಗ

ಮಾಸ್ತರ, ವಾಕ್ಯ ಭಾರಿ ಐತ್ರಿ. ಅದಕ್ಕೊಂದು ಮಾತು ಸೇರಸ್ತೀನಿ. ಅಕ್ಷರಗಳನ್ನ ಓದೂ ಕ್ರಮದಾಗ ಕೊಡಬ್ಯಾಡ್ರಿ ಅಕ್ಕಾರ. ಮೊದಲನೇ ದಿನ 'ಅ', ಎರಡನೇ ದಿನ 'ಜ್ಜಿ', ಮೂರನೇ ದಿನ 'ಯ' ಅಂತ ಕೊಟ್ರ, 'ಅಜ್ಜಿಯ ಹಳೆಯ ಪೆಟ್ಟಿ' ಆಗೂದ್ರಾಗ ನಿಮ್ಮ ಮಗ ಪೆಟ್ಟಿಗಿ ಕೆಳಗ ತೂರಿರತಾನ. ಚೆಲ್ಲಾಪಿಲ್ಲಿ ಮಾಡಿ ಕೊಡ್ರಿ. ದಿನಾ ಸಿಕ್ಕ ಅಕ್ಷರ ಒಂದು ರಟ್ಟಿನ ತುಂಡಿನ ಮ್ಯಾಲ ಬರದು, ಹಿಂದ ಆ ದಿನದ ತಾರೀಖು ಹಾಕಿ ಡಬ್ಬಿಯಾಗ ಕೂಡಿಡ್ರಿ. 24ನೇ ಖಾನ್ಯಾಗ ಕಡೇ ಅಕ್ಷರದ ಜೋಡಿ ಕ್ರಮದ ಚೀಟಿ ಇರಲಿ: ಮೊದಲ ಯಾವ ತಾರೀಖಿಂದು, ಆಮ್ಯಾಲ ಯಾವದು ಅಂತ. ಅವತ್ತು ರಾತ್ರಿ ನೆಲದ ಮ್ಯಾಲ 24 ತುಂಡು ಜೋಡಸೂದಽ ಒಂದು ಆಟ ಆಗತೈತಿ.

ಇನ್ನೊಂದು. ಯಾವದರ ಒಂದು ದಿನ ಉತ್ತರ ಸಿಗಲಿಲ್ಲ, ಇಲ್ಲಾ ಎಲ್ಲಾರೂ ಊರಿಗೆ ಹೋದ್ರಿ ಅಂದ್ರ ಸರಪಳಿ ಹರೀಬಾರದು. ಈ ವಾಕ್ಯದಾಗ ಎರಡು ಮೂರು ಅಕ್ಷರ ಬಿಟ್ಟುಹೋದ್ರೂ ಓದಾಕ ಬರತೈತಿ. 'ಕೆಂ_ ಚೀಲ' ಅಂದ್ರ ಯಾರರ ಹೇಳತಾರ. ಅದಕ್ಕ ಇವತ್ತಿನ ಉತ್ತರ ಇಲ್ದ ನಾಳಿನ ಒಗಟು ಬಿಡಿಸಾಕ ಬರೂದಿಲ್ಲ ಅನ್ನೂ ಹಂಗ ಮಾತ್ರ ಕಟ್ಟಬ್ಯಾಡ್ರಿ.

ನಮ್ಮ ಕಂಪನ್ಯಾಗ ಡಿಸೆಂಬರ್ ಬಂದ್ರ 'ಅಡ್ವೆಂಟ್ ಆಫ್ ಕೋಡ್' ಬಿಡಿಸೂ ಮಂದಿ ಭಾಳ. 2015ರಿಂದ ನಡದೈತಿ, ಪ್ರೋಗ್ರಾಂ ಬರದು ಬಿಡಿಸೂ ಒಗಟುಗಳು. ಅದರಾಗ ನನಗ ಹಿಡಿಸೂದು, ಎಲ್ಲಾ ಒಗಟಿಗೂ ಒಂದಽ ಕಥಿ ಇರತೈತಿ, ದಿನಾ ಸ್ವಲ್ಪ ಮುಂದಕ್ಕ ಹೋಗತೈತಿ. ನೀವೂ ಸಣ್ಣದೊಂದು ಕಥಿ ಹಿಡೀರಿ. ಅಜ್ಜಿ ಪೆಟ್ಟಿಗಿ ಕೀಲಿ ಕಳದೈತಿ ಅಂದ್ರೂ ಸಾಕು.

ಸಪ್ತಾಪುರದ ಅಕ್ಕ

ಮಾಸ್ತರ, ವಾಕ್ಯ ಓದಿ ಮೈ ಝುಂ ಅಂತು. ನಮ್ಮತ್ತಿ ಹತ್ರ ಖರೇನಽ ಹಳೇ ಪೆಟ್ಟಿಗಿ ಐತಿ, ಅವರ ಲಗ್ನದಾಗ ತವರುಮನಿಯಿಂದ ಬಂದದ್ದು. ಇದಽ ವಾಕ್ಯ ಇಟ್ಕೋತೀನಿ. (ನಮ್ಮ ಹುಡುಗ್ರು ಈ ಗುಂಪಿನ್ಯಾಗ ಇಲ್ಲ, ನಿಶ್ಚಿಂತಿ ಬರೀರಿ.)

ಅತ್ತಿಯವರ ಬಗ್ಗೆ ಇನ್ನೂ ಕೇಳೂದೈತಿ. ಅವರನ್ನ ಸುಮ್ಮ ಕುಂಡ್ರಿಸಿ 'ಅಜ್ಜಿ, ನೀವೂ ನೋಡ್ರಿ' ಅನ್ನೂದು ನನಗ ಬ್ಯಾಡ. ಅವರಿಲ್ದ ಮುಂದಕ್ಕ ಹೋಗಬಾರದು ಅನ್ನೂ ಹಂಗ ಕೆಲವು ದಿನ ಇರಬೇಕು. ಅಂಥಾವು ಏನು ಇಡಬಹುದು?

ರಾಣೆಬೆನ್ನೂರಿನ ಅಜ್ಜ

ಅಜ್ಜಿಗಷ್ಟೇ ಗೊತ್ತಿರುವುದು ಬೇಕೆಂದರೆ ಹಳೆಯ ಲೆಕ್ಕ ಇಡಮ್ಮ. 1957ರ ಏಪ್ರಿಲ್ 1ಕ್ಕೆ ನಯೆ ಪೈಸೆ ಬರುವ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಿಮ್ಮ ಅತ್ತೆಯವರ ವಯಸ್ಸಿನವರು ಸಾಲೆಯಲ್ಲಿ ಆ ಲೆಕ್ಕ ಮಾಡಿದವರು. ಚೀಟಿಯ ಮೇಲೆ ಇಷ್ಟೇ ಬರೆಯಿರಿ: '24 ಪೈ ಅಂದರೆ ಎಷ್ಟು ಆಣೆ?' ಒಂಬತ್ತನೇ ತರಗತಿಯ ಹುಡುಗಿ ಎಷ್ಟೇ ಜಾಣೆಯಾದರೂ ಅಜ್ಜಿಯನ್ನು ಕೇಳದೆ ಹೇಳಲಾರಳು. ಉತ್ತರ 2 ಆಣೆ. ಚೀಟಿಯ ಹಿಂದೆ 'ಅವಲಕ್ಕಿ' ಎಂದು ಬರೆದಿಟ್ಟರೆ ಎರಡನೇ ಅಕ್ಷರ 'ವ'. ಮಾಸ್ತರರ ವಾಕ್ಯದಲ್ಲಿ 'ಇರುವ' ಅಂತ ಇದೆಯಲ್ಲ, ಆ 'ವ'. ನಿಮ್ಮ 24 ದಿನಕ್ಕೂ ಹೊಂದಿಕೆಯಾಗುತ್ತದೆ. ಇನ್ನೊಂದು ದಿನ ಪಾವು ಸೇರಿನ ಲೆಕ್ಕ ಇಡಿ. 4 ಪಾವಿಗೆ ಒಂದು ಸೇರು. ಮನೆಯಲ್ಲಿ ಹಳೆಯ ಸೇರು ಪಾವು ಇದ್ದರೆ ಜೋಳ ಅಳೆಯಲಿಕ್ಕೆ ಹುಡುಗನನ್ನೇ ಕೂಡಿಸಿ, ಕೈಗೂ ಕೆಲಸ ಸಿಗುತ್ತದೆ.

ಒಗಟು ಎಂದ ಮೇಲೆ ನಮ್ಮ ಜನಪದ ಒಗಟು ಬಿಡುವುದು ಹೇಗೆ? 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ', ಮಲ್ಲಿಗೆ. ಅದರ ಮೂರನೇ ಅಕ್ಷರ 'ಗೆ'. ನಿಮ್ಮ ವಾಕ್ಯದಲ್ಲಿ 'ಗೆ' ಮೂರು ಕಡೆ ಬೇಕು, ಒಂದು ಸಿಕ್ಕಿತು. ಗಾದೆಯನ್ನೂ ಹೀಗೆ ಬಳಸಬಹುದು. 'ಬೆಳೆಯುವ ಪೈರು' ಎಂದು ಬರೆದು ಮುಂದೆ ಖಾಲಿ ಬಿಡಿ. 'ಮೊಳಕೆಯಲ್ಲಿ' ಎಂದು ಅಜ್ಜಿ ತಟ್ಟನೆ ಹೇಳುತ್ತಾರೆ. ಅಲ್ಲಿಂದ 'ಳ' ತೆಗೆದುಕೊಳ್ಳಿ.

ಆದರೆ ಅಜ್ಜಿಗೆ ಗೊತ್ತಿರುವುದನ್ನೇ ಕೇಳುತ್ತಿದ್ದರೆ ಅವರಿಗೂ ಅದು ಪರೀಕ್ಷೆ ಆಗುತ್ತದೆ. ಒಂದೆರಡು ದಿನ ಅವರಿಗೂ ಹೊಸದಿರಲಿ. ನಮಗೆ ವಯಸ್ಸಾಯಿತು ಎಂದು ಎಲ್ಲರೂ ಹಳೆಯದನ್ನೇ ಕೇಳುತ್ತಾರೆ. ಹೊಸದನ್ನು ಬಿಡಿಸಿದಾಗಿನ ಸಂತೋಷ ಮುದುಕರಿಗೂ ಬೇಕು.

ಕಸೂತಿ ಅಕ್ಕ

ಅಜ್ಜಾರ ಕಡೇ ಮಾತು ನೂರಕ್ಕ ನೂರು ಖರೆ.

ನಾನು ಹೊರಗಿನ ಅಂದ ಹೇಳ್ತೀನಿ, ಒಳಗಿನ ಒಗಟೂ ಒಂದು ಕೊಡ್ತೀನಿ. ರಟ್ಟಿನ ಖಾನಿ ಮಾಡೂದಕ್ಕಿಂತ ಬಟ್ಟಿ ಮ್ಯಾಲ ಕಿಸೆ ಹೊಲೀರಿ. ಗುಳೇದಗುಡ್ಡದ ಖಣ ಮನ್ಯಾಗ ತುಂಡು ತುಂಡು ಇದ್ದಽ ಇರತಾವ. ಒಂದು ದಪ್ಪ ಕಾಟನ್ ಬಟ್ಟಿ ತಗೊಂಡು, ಸಾಲಿಗೆ 6ರಂಗ 4 ಸಾಲು ಖಣದ ಕಿಸೆ ಹೊಲದ್ರ 24 ಆತು. ಮ್ಯಾಲ ಒಂದು ಕೋಲು ಹಾಕಿ ಗ್ವಾಡಿಗೆ ತೂಗು ಹಾಕ್ರಿ. ಕಿಸೆ ಮ್ಯಾಲ ಅಂಕಿ ಕನ್ನಡದಾಗ ಹಾಕ್ರಿ, ೧ರಿಂದ ೨೪. ಮಗಳಿಗೆ ಕನ್ನಡ ಅಂಕಿ ಕಣ್ಣಿಗೆ ಬೀಳತಾವ. ಸಾಲಾಗಿ ಹಾಕಬ್ಯಾಡ್ರಿ, ಎಲ್ಲೆರ ಎಲ್ಲೆರ ಹಾಕಿದ್ರ ಇವತ್ತಿನ ಕಿಸೆ ಹುಡುಕೂದೂ ಒಂದು ಆಟ. ಈ ಕ್ಯಾಲೆಂಡರ್ ಮುಂದಿನ ವರ್ಷಕ್ಕೂ ಬರತೈತಿ, ಚೀಟಿ ಅಷ್ಟ ಬದಲಿ ಮಾಡಿದ್ರ ಆತು.

ಈಗ ಒಗಟು. ಧಾರವಾಡ ಕಸೂತಿಯೊಳಗ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಅಂತ ನಾಕು ಥರದ ಹೊಲಿಗಿ ಅದಾವ. ಗವಂತಿ ಹಾಕೂ ಮುಂದ ಒಂದು ಎಳಿ ಬಿಟ್ಟು ಒಂದು ಹೋಗಿ, ಬಿಟ್ಟ ಜಾಗಾ ತುಂಬ್ಕೋತ ಹೊಳ್ಳಿ ಸುರು ಮಾಡಿದಲ್ಲೇ ಬರತೀವಿ. ಗಂಟು ಹಾಕೂದಿಲ್ಲ, ಅದಕ್ಕ ಮುಂದೂ ಹಿಂದೂ ಒಂದಽ ನಮೂನಿ ಕಾಣತೈತಿ. ಇದನ್ನ ನೋಡ್ಕೋತ ಬೆಳದ ನನಗ ಕೈ ಎತ್ತದ ಗೆರಿ ಎಳಿಯೂ ಒಗಟು ಅಂದ್ರ ಭಾಳ ಇಷ್ಟ.

ಒಂದು ಚೌಕ ಬರೀರಿ, ಒಳಗ ಮೂಲಿಯಿಂದ ಮೂಲಿಗೆ ಎರಡು ಗೆರಿ ಅಡ್ಡ ಹಾಯಸ್ರಿ, ಮ್ಯಾಲ ಮಾಳಿಗಿ ಹಂಗ ಎರಡು ಗೆರಿ. ಒಟ್ಟು 8 ಗೆರಿ. ಪೆನ್ಸಿಲ್ ಎತ್ತದ, ಹಾಕಿದ ಗೆರಿ ಮ್ಯಾಲ ಮತ್ತ ಹಾಯದ ಮನಿ ಬರೀಬೇಕು. ಜರ್ಮನಿ ಹುಡುಗ್ರು ಇದನ್ನ ನಿಕೋಲಾಸನ ಮನಿ ಅಂತಾರ, ಗೆರಿಗೊಂದು ಅಕ್ಷರ ಹೇಳ್ಕೋತ ಎಳೀತಾರ. ನಾವು 'ಇದು ನಮ್ಮ ಅಜ್ಜಿ ಮನಿ' ಅನ್ನೂಣು: ಇ, ದು, ನ, ಮ್ಮ, ಅ, ಜ್ಜಿ, ಮ, ನಿ. ಎಂಟಕ್ಕ ಎಂಟು. ಸಂತ ನಿಕೋಲಾಸನ ದಿನ ಡಿಸೆಂಬರ್ 6, ಆ ಕಿಸೆದಾಗ ಇದನ್ನ ಇಡ್ರಿ.

ಇದರಿಂದ ಅಕ್ಷರ ತಗಿಯೂದು ಹೆಂಗ ಅಂದ್ರ, ಕೆಳಗಿನ ಎರಡು ಮೂಲಿಗೆ ಮೂರು ಮೂರು ಗೆರಿ ಕೂಡತಾವ, ಉಳಿದ ಮೂಲಿಗೆಲ್ಲಾ ಸರಿ ಸಂಖ್ಯೆ. ಅದಕ್ಕ ಕೆಳಗಿನ ಒಂದು ಮೂಲ್ಯಾಗ ಸುರು ಮಾಡಿದ್ರಷ್ಟ ಮನಿ ಪೂರಾ ಆಗತೈತಿ, ಮುಗಿಯೂದು ಯಾವತ್ತೂ ಕೆಳಗಿನ ಇನ್ನೊಂದು ಮೂಲ್ಯಾಗ. ಎಡಗಡೆಯಿಂದ ಸುರು ಮಾಡ್ರಿ ಅಂತ ಬರದು, ಐದೂ ಮೂಲಿಗೆ ಒಂದೊಂದು ಅಕ್ಷರ ಇಟ್ಟು, ಕೆಳಗಿನ ಬಲಗಡೆ ನಿಮಗ ಬೇಕಾದ 'ದು' ಇಡ್ರಿ. ಎಡಗಡೆಯಿಂದ ಸುರು ಮಾಡಿದ್ರ 44 ಥರ ಬರೀಬಹುದು, ಹೆಂಗ ಬರದ್ರೂ ಪೆನ್ಸಿಲ್ ನಿಲ್ಲೂದು 'ದು' ಮ್ಯಾಲನಽ. ನಿಮ್ಮ ಮಗ ಒಂದು, ಅತ್ತಿಯವರು ಒಂದು ಥರ ಬರದ್ರೂ ಉತ್ತರ ಒಂದಽ.

ಬೆಟಗೇರಿ ಮಾಸ್ತರ

ಭಲೇ! ಕಸೂತಿಯಿಂದ ಆಯ್ಲರನ ಗಣಿತಕ್ಕ ಬಂದಬಿಟ್ರಿ. 1736ರಾಗ ಏಳೂ ಸೇತುವೆ ಒಂದೊಂದಽ ಸಲ ದಾಟಾಕ ಬರತೈತೇನು ಅನ್ನೂ ಪ್ರಶ್ನೆಗೆ ಅಂವಾ ಉತ್ತರ ಕೊಟ್ಟದ್ದು ಇದಽ ವಿಚಾರದ ಮ್ಯಾಲ. ಬೆಸ ಗೆರಿ ಕೂಡೂ ಮೂಲಿ ಇಲ್ಲವಽ ಇಲ್ಲ, ಇಲ್ಲಾಂದ್ರ ಎರಡಽ ಇರಬೇಕು. ಮಗಳಿಗೆ ಒಗಟು ಬಿಡಿಸಿದ ಮ್ಯಾಲ ಇದನ್ನ ಹೇಳ್ರಿ, ಮೊದಲ ಹೇಳಬ್ಯಾಡ್ರಿ.

ಮಗಳಿಗಂತ ನಾನೊಂದು ಕೊಡ್ತೀನಿ. ಮಾಯಾಚೌಕ, ಆದ್ರ ಎಲ್ಲಾರಿಗೂ ಬಾಯಿಪಾಠ ಇರೂ 15ರದ್ದಲ್ಲ, 24ರದ್ದು. 4ರಿಂದ 12ರ ತನಕ ಒಂಬತ್ತು ಅಂಕಿ, ಅಡ್ಡ, ಉದ್ದ, ಮೂಲಿಮೂಲಿ ಹೆಂಗ ಕೂಡಿಸಿದ್ರೂ 24:

5  10  9
12  8  4
7  6  11

ಚೀಟ್ಯಾಗ ಮ್ಯಾಲಿನ ಸಾಲಿನ 5 ಮತ್ತ 10 ಅಷ್ಟ ಬರೀರಿ. ಅಷ್ಟ ಸಾಕು. ಮೂರನೇದು 9 ಬರತೈತಿ. ನಡುವಿನ ಅಂಕಿ ಯಾವತ್ತೂ ಮೊತ್ತದ ಮೂರನೇ ಒಂದು ಪಾಲು, ಅಂದ್ರ 8. ಇದು ಹೊಳದ್ರ ಉಳಿದದ್ದು ತಾನಽ ತುಂಬತೈತಿ. ಕೆಳಗಿನ ಸಾಲು 7, 6, 11 ಬಂದ ಮ್ಯಾಲ ಅಜ್ಜಿ ದಿನಾ ಕೈಯಾಗ ಹಿಡಿಯೂ ಕೀರ್ತನೆ ಪುಸ್ತಕ ತಗೀರಿ. 7ನೇ ಪುಟ, 6ನೇ ಸಾಲು, 11ನೇ ಅಕ್ಷರ. ಅಲ್ಲಿ ಯಾವ ಅಕ್ಷರ ಐತಿ ಅಂತ ನೀವು ಮೊದಲ ನೋಡ್ಕೊಂಡು, ವಾಕ್ಯದಾಗ ಅದು ಇಲ್ಲಾಂದ್ರ ಚೌಕ ತಿರುಗಿಸಿ ಇಡ್ರಿ. ಪಕ್ಕಕ್ಕ ಹೊಳ್ಳಿಸಿದ್ರೂ ಬೋರಲ ಹಾಕಿದ್ರೂ ಮೊತ್ತ ಕೆಡೂದಿಲ್ಲ, ಕೆಳಗಿನ ಸಾಲು ಮಾತ್ರ ಬ್ಯಾರೆ ಬರತೈತಿ. ಮಗಳು ಲೆಕ್ಕ ಬಿಡಿಸ್ತಾಳ, ಪುಸ್ತಕ ಅಜ್ಜೀದು. ಇಬ್ರೂ ಬೇಕಾದ್ರಲ್ಲ?

ಇನ್ನೊಂದು ಸಣ್ಣದು. ಕಟಪಯಾದಿ ಅಂತ ಹಳೇ ಪದ್ಧತಿ, ಅಕ್ಷರದಿಂದ ಅಂಕಿ ಬರೀತಿದ್ರು. ಕ, ಟ, ಪ, ಯ ಇವಕ್ಕ 1. ಅಲ್ಲಿಂದ ಮುಂದಕ್ಕ ಎಣಿಸ್ಕೋತ ಹೋಗೂದು. ಅಂಕಿ ಓದೂದು ಬಲದಿಂದ ಎಡಕ್ಕ. ಯ 1, ರ 2, ಲ 3, ವ 4. ಅಂದ್ರ 'ವರ' ಅಂದ್ರ 4, 2, ಹೊಳ್ಳಿಸಿದ್ರ 24. ಪ 1ರಿಂದ ಎಣಿಸಿದ್ರ ಮ 5. 'ಮರ' ಅಂದ್ರ 25. ಕಡೇ ಕಿಸೆ ಮ್ಯಾಲ ೨೪ ಹಾಕಬ್ಯಾಡ್ರಿ, 'ವರ' ಅಂತ ಹೊಲೀರಿ. ಕ್ರಿಸ್ಮಸ್ ಮರದ ಬುಡಕ್ಕ 'ಮರ' ಅಂತ ಚೀಟಿ ಹಚ್ರಿ. ಹಿಂದಿನ ದಿನ ಪದ್ಧತಿ ಹೇಳಿಕೊಟ್ರ ಮರುದಿನ ಮಕ್ಕಳಽ ಓದ್ತಾರ.

ಮಿಷನ್ ಕಂಪೌಂಡಿನ ಹುಡುಗಿ

ಓದ್ಕೋತ ಬಂದೆ, ಎಷ್ಟು ಛಂದ ಐತಿ ಈ ಚರ್ಚೆ! ಹಿಂದಿನ ಮಾತು ನಾಕು ಹೇಳಬೇಕನಸ್ತು, ಯಾಕಂದ್ರ ಅದರಿಂದಲೂ ಒಗಟು ಮಾಡಬಹುದು.

ನಮ್ಮ ಭಾಗಕ್ಕ ಬಾಸೆಲ್ ಮಿಷನ್ ಬಂದದ್ದು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ, ಬೆಟಗೇರಿಗೆ 1841ರಾಗ. ಅದಽ 1839ರಾಗ ಜರ್ಮನಿಯ ಹ್ಯಾಂಬರ್ಗ್ ಊರಾಗ ವಿಖೆರ್ನ್ ಅನ್ನೂ ಪಾದ್ರಿ, ತಾವು ಸಾಕೊಂಡಿದ್ದ ಬಡ ಹುಡುಗ್ರು ಕ್ರಿಸ್ಮಸ್ ಯಾವಾಗ ಬರತೈತಿ ಅಂತ ದಿನಾ ಕೇಳೂದು ನೋಡಿ, ಗಾಡಿ ಚಕ್ರದ ಮ್ಯಾಲ ಮೇಣಬತ್ತಿ ನಿಲ್ಲಿಸಿ ದಿನಕ್ಕೊಂದು ಹಚ್ಚಿದ್ರು. ಬಾಗಲದ ಮ್ಯಾಲ ಸೀಮೆಸುಣ್ಣದಿಂದ 24 ಗೆರಿ ಹಾಕಿ ದಿನಕ್ಕೊಂದು ಅಳಸೂ ಪದ್ಧತಿನೂ ಅಲ್ಲಿ ಇತ್ತು. ಅಚ್ಚು ಹಾಕಿದ ಕ್ಯಾಲೆಂಡರ್ ಬಂದದ್ದು 20ನೇ ಶತಮಾನದ ಸುರುವಿಗೆ, ಮ್ಯೂನಿಕ್ ಊರಿನ ಗೆರ್ಹಾರ್ಡ್ ಲಾಂಗ್ ಕಡೆಯಿಂದ. ಅಂದ್ರ ಮನ್ಯಾಗ ಕೈಯಿಂದ ಮಾಡಿ ಎಣಸೂದು ಅಂಗಡಿ ಕ್ಯಾಲೆಂಡರಿಗಿಂತ ಹಳೇದು. ಅಕ್ಕಾರು ಮಾಡಾಕ ಹೊಂಟದ್ದು ಅದನ್ನಽ.

ಇನ್ನೊಂದು, ಚರ್ಚಿನ ಲೆಕ್ಕದಾಗ ಅಡ್ವೆಂಟ್, ಅಂದ್ರ ಕ್ರಿಸ್ಮಸ್ಸಿಗೆ ಕಾಯೂ ದಿನಗಳು, ಡಿಸೆಂಬರ್ 1ಕ್ಕಽ ಸುರು ಆಗಬೇಕಂತೇನಿಲ್ಲ. ನವೆಂಬರ್ 30ರ ಹತ್ರದ ಭಾನುವಾರಕ್ಕ ಸುರು, ಅಂದ್ರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವ ಯಾವತ್ತರ. ಅದಕ್ಕ ಅದು ಕೆಲವು ವರ್ಷ 22 ದಿನ, ಕೆಲವು ವರ್ಷ 28 ದಿನದ ತನಕ ಇರತೈತಿ. 'ಅಡ್ವೆಂಟ್ ಎಲ್ಲಕ್ಕಿಂತ ತಡ ಸುರುವಾದ್ರ ಕ್ರಿಸ್ಮಸ್ ಯಾವ ವಾರ?' ಅಂತ ಕೇಳ್ರಿ. ಡಿಸೆಂಬರ್ 3 ಭಾನುವಾರ ಆದ್ರ 24ನೂ ಭಾನುವಾರ, ಅಂದ್ರ ಕ್ರಿಸ್ಮಸ್ ಸೋಮವಾರ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ಮಾಡೂ ಒಗಟು, ನಿಮ್ಮ ಮನಿಯವರು ಬಸ್ಸಿನ್ಯಾಗ ಕುಂತು ಮಾಡ್ಕೊಂಡು ಬರಬಹುದು.

ಹಾವೇರಿ ಓದುಗ

ಎಲ್ಲರ ಸಲಹೆಯೂ ಚೆನ್ನಾಗಿದೆ, ಆದರೆ ಒಂದು ಕಡೆ ನನಗೆ ಭಿನ್ನಾಭಿಪ್ರಾಯ ಇದೆ. ದಿನವೂ ಮಾಯಾಚೌಕ, ಕಟಪಯಾದಿ, ಆಯ್ಲರ್ ಅಂತ ಹೋದರೆ ಎರಡನೇ ವಾರಕ್ಕೆ ಮನೆಯಲ್ಲಿ ಯಾರೂ ಕೂಡುವುದಿಲ್ಲ. ಡಿಸೆಂಬರ್ ಅಂದರೆ ಸಾಲೆಯಲ್ಲಿ ಕಿರುಪರೀಕ್ಷೆ, ಗ್ಯಾದರಿಂಗ್, ಕೆಲಸದಿಂದ ಬಂದವರಿಗೆ ಹಸಿವು. ಸೋಮವಾರದಿಂದ ಶುಕ್ರವಾರ ಐದು ನಿಮಿಷದ್ದು ಇರಲಿ. ತಲೆ ತಿನ್ನುವಂಥದ್ದು ಶನಿವಾರ, ಭಾನುವಾರಕ್ಕೆ. ಪ್ರತಿ ಚೀಟಿಯ ಹಿಂದೆ ಅಂಟಿಸಿದ ಲಕೋಟೆಯಲ್ಲಿ ಒಂದು ಸುಳಿವು ಇರಲೇಬೇಕು.

ಬಾಯಿಗೂ ಮೂಗಿಗೂ ಕೆಲಸ ಕೊಡಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಹಿಂಡಿ ಇಡಿ: ಶೇಂಗಾ, ಗುರೆಳ್ಳು, ಅಗಸಿ, ಪುಠಾಣಿ. ಕಣ್ಣಿಗೆ ಬಟ್ಟೆ ಕಟ್ಟಿ ರುಚಿ ನೋಡಿ ಹೆಸರು ಹೇಳಬೇಕು. ಆಮೇಲೆ ಪ್ರಶ್ನೆ: ಇವುಗಳಲ್ಲಿ ಗಾಣಕ್ಕೆ ಹಾಕಿದರೆ ಎಣ್ಣೆ ಬಾರದಿರುವುದು ಯಾವುದು? ಮೂರು ಎಣ್ಣೆಕಾಳು, ಪುಠಾಣಿ ಕಡಲೆ. ಮೊದಲ ಅಕ್ಷರ 'ಪು'. ಐದನೇ ತರಗತಿಯ ಹುಡುಗ ಇದಕ್ಕೆ ಒಲ್ಲೆ ಎನ್ನುವುದಿಲ್ಲ, ಅಂದಿನ ರೊಟ್ಟಿಗೆ ಹಿಂಡಿಯೂ ಆಯಿತು.

ಅವನಿಗೇ ಇನ್ನೊಂದು: ಹುಲಿ, ಆಡು, ಹುಲ್ಲಿನ ಹೊರೆ. ವರದಾ ನದಿ ದಾಟಿಸಬೇಕು, ದೋಣಿಯಲ್ಲಿ ಅಂಬಿಗನ ಜೊತೆ ಒಂದನ್ನೇ ಒಯ್ಯಬಹುದು. ಕಾಗದದ ಮೇಲೆ ಕೇಳಬೇಡಿ. ನೀಲಿ ಟಾವೆಲ್ ಹಾಸಿ, ಆಟಿಕೆ ಇಟ್ಟು, ಅವನ ಕೈಯಿಂದಲೇ ದಾಟಿಸಿ. ಕಡಿಮೆ ಎಂದರೆ 7 ಸಲ ದಾಟಬೇಕು. ದಾಟಿಸಿದ ಆಡನ್ನೇ ಮರಳಿ ತರಬೇಕು ಎನ್ನುವುದು ಹೊಳೆಯುವಾಗ ಮಕ್ಕಳ ಮುಖ ನೋಡಬೇಕು.

ಉಣಕಲ್ ಹುಡುಗ

ಹಾವೇರಿಯವರ ಮಾತು ಒಪ್ಪೀನ್ರಿ, ವಾರದ ದಿನ ಹಗುರ ಇರಲಿ.

ಪುಣೆ ಕಾಕಾಗ ಒಂದು ಕೆಲಸ ಕೊಡ್ರಿ. ಕೆಂಪು ಚೀಲಕ್ಕ ನಾಕು ಅಂಕಿಯ ನಂಬರ್ ಕೀಲಿ ಹಾಕ್ರಿ, ಹಾರ್ಡ್‌ವೇರ್ ಅಂಗಡ್ಯಾಗ ಸಿಗತಾವ. ಅಂಕಿ 1507. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಉದ್ದ ಅಷ್ಟು ಮೀಟರ್, ಜಗತ್ತಿನ್ಯಾಗ ಎಲ್ಲಕ್ಕಿಂತ ಉದ್ದದ್ದು, 2023ರಾಗ ಉದ್ಘಾಟನೆ ಆತು. 'ಕಾಕಾ ಊರಿಗೆ ಬಂದಾಗ ಇಳಿಯೂ ಜಾಗಾ ಎಷ್ಟು ಉದ್ದ?' ಅಂತ ಒಂದಽ ಸಾಲು. ಕಾಕಾಗ ಫೋನ್ ಹಚ್ಚಿ ಕೇಳಲಿ. ಅಂವಗ ಮೊದಲ ಹೇಳಿ ಇಡ್ರಿ, ಆದ್ರ ಅಂವಾ ಸೀದಾ ಹೇಳಬಾರದು, ಮತ್ತೊಂದು ಪ್ರಶ್ನೆ ಕೇಳಬೇಕು.

ಮಗಳ ಕನ್ನಡ ಓದಿಗೆ ಒಂದು ಗುಪ್ತಲಿಪಿ: ವ್ಯಂಜನ ಒಂದು ಮನಿ ಮುಂದಕ್ಕ, ಕಾಗುಣಿತ ಇದ್ದಲ್ಲೇ. 'ಮನೆ' ಬರೀಬೇಕಂದ್ರ ಮ ಬದಲಿ ಯ, ನೆ ಬದಲಿ ಪೆ, 'ಯಪೆ'. 'ರೊಟ್ಟಿ' ಅಂದ್ರ 'ಲೊಠ್ಠಿ'. ಬಿಡಿಸಬೇಕಂದ್ರ ವರ್ಣಮಾಲೆ ಗ್ವಾಡಿಗೆ ಹಚ್ಚಿ ಹಿಂದಕ್ಕ ಬರಬೇಕು. ವಾರಕ್ಕೊಂದು ಇಂಥಾದ್ದು ಇಟ್ರ ಡಿಸೆಂಬರ್ ಮುಗಿಯೂದ್ರಾಗ ವರ್ಣಮಾಲೆ ಕ್ರಮ ಅಕಿಗೆ ಬಾಯಾಗ ಇರತೈತಿ.

ಗದಗದ ತಾಯಿ

ನಾವು ಚರ್ಚಿಗೆ ಹೋಗೂ ಮಂದಿ ಅಲ್ರಿ, ಆದ್ರ ಇದನ್ನ ಓದಿ ನಮ್ಮ ಮನ್ಯಾಗೂ ಮಾಡೂ ಆಶಾ ಆಗೈತಿ. ಘಟಸ್ಥಾಪನೆಯಿಂದ ವಿಜಯದಶಮಿ ತನಕ ಹತ್ತು ದಿನಕ್ಕ ಹತ್ತು ಒಗಟು ಇಟ್ರ ಹೆಂಗ? ಬನ್ನಿ ಕೊಡೂ ದಿನ ಕಡೇ ಅಕ್ಷರ.

ಬೆಟಗೇರಿ ಮಾಸ್ತರ

ಅವಶ್ಯ ಮಾಡ್ರಿ. ಹತ್ತಕ್ಷರದ ವಾಕ್ಯ ಇನ್ನೂ ಸಸಾರ. ಹತ್ತು ದಿನ ರಜಾ ಇರೂದ್ರಿಂದ ಲಕ್ಕುಂಡಿಗೊಂದು ದಿನ ಕರಕೊಂಡು ಹೋಗಿ, ಅಲ್ಲಿ ಗುಡಿ, ಬಾವಿ ನೋಡಿ ಬಿಡಿಸೂ ಒಗಟೂ ಒಂದು ಇಡ್ರಿ. ಮನಿ ಹೊರಗಿನ ಒಗಟು ಹುಡುಗ್ರಿಗೆ ವರ್ಷಾನುಗಟ್ಟಲೆ ನೆನಪಿರತಾವ.

ಸಪ್ತಾಪುರದ ಅಕ್ಕ

ಎಲ್ಲಾರಿಗೂ ಎಷ್ಟು ಹೇಳಿದ್ರೂ ಕಡಿಮಿನಽ. ಬಟ್ಟಿ ತಂದೀನಿ, ಖಣದ ತುಂಡು ಅತ್ತಿಯವರ ಗಂಟಿನ್ಯಾಗ ಸಿಕ್ಕಾವ. ಏನಕ್ಕ ಅಂತ ಅವರಿಗೆ ಹೇಳಿಲ್ಲ. ಅಕ್ಷರದ ಹಂಚಿಕೆ ನಡದೈತಿ. ವಾರದ ದಿನಕ್ಕ ಗಾದೆ, ಒಗಟು, ಹಿಂಡಿ, ಆಣೆ ಲೆಕ್ಕ. ಡಿಸೆಂಬರ್ 6ಕ್ಕ ಅಜ್ಜಿ ಮನಿ. ಮಾಯಾಚೌಕ ಭಾನುವಾರ, ಹುಲಿ ಆಡು ಶನಿವಾರ. ಮಾಯಾಚೌಕದ ಜೋಡಿ ಕೀರ್ತನೆ ಪುಸ್ತಕ ತಗದು ನೋಡಿದೆ, ಮಾಸ್ತರ ಹೇಳಿದ ಜಾಗಾದಾಗ ವಾಕ್ಯಕ್ಕ ಬೇಕಾದ ಅಕ್ಷರ ಇರಲಿಲ್ಲ. ಚೌಕ ತಿರುಗಿಸಿ 9, 4, 11 ಕೆಳಗ ಬರೂ ಹಂಗ ಇಟ್ಟಮ್ಯಾಲ 'ಹ' ಸಿಕ್ತು.

ಚೀಟಿ ಬರದಮ್ಯಾಲ ಒಂದು ಸಲ ನಮ್ಮ ನೆಗೆಣ್ಣಿ ಕೈಯಾಗ ಕೊಟ್ಟು ಎಲ್ಲಾ ಬಿಡಸಂತ ಹೇಳೀನಿ. ನನಗ ಉತ್ತರ ಗೊತ್ತಿರೂದಕ್ಕ ಎಲ್ಲಾ ಸಸಾರ ಅನಸ್ತಾವ. ಬ್ಯಾರೆಯವರು ಎಲ್ಲಿ ನಿಲ್ಲತಾರ ಅನ್ನೂದು ನೋಡಿ ಸುಳಿವು ಬರೀಬೇಕು.

ಹುಡುಗ್ರಿಗೆ ದಿನಾ ತಿನ್ನಾಕ ಏನರ ಇಡಬೇಕೋ ಬ್ಯಾಡೋ ಅಂತ ಮನಿಯವರ ಜೋಡಿ ಮಾತಾತು. ಭಾನುವಾರಕ್ಕೊಂದು ಪೇಡೆ, ಉಳಿದ ದಿನ ಅಕ್ಷರಾನಽ ಉಡುಗೊರೆ ಅಂತ ಗಟ್ಟಿ ಆತು.

ಈಗ ಉಳಿದದ್ದು 'ಯ'. ವಾಕ್ಯದಾಗ ಎರಡು ಅದಾವ, 'ಅಜ್ಜಿಯ' ಒಂದು, 'ಹಳೆಯ' ಒಂದು. 'ಯಿ', 'ಯು' ಇರೂ ಶಬ್ದ ನೆನಪಾದಂಗ ಬರಿ 'ಯ' ಇರೂ ಶಬ್ದ, ಮಕ್ಕಳಿಗೂ ಗೊತ್ತಿರೂದು, ತಟ್ಟನೆ ನೆನಪಾಗವಲ್ದು.

ಕಸೂತಿ ಅಕ್ಕ

ಒಂದಕ್ಕ 'ಆಯತ' ಇಡ್ರಿ. ನಿಮ್ಮ ಬಟ್ಟಿನಽ ಆಯತ ಐತಿ. 6ರ 4 ಕಿಸೆ ಜೋಡಿಸಿದ್ರ ಯಾವ ಆಕಾರ ಅಂತ ಕ್ಯಾಲೆಂಡರಿಂದಽ ಪ್ರಶ್ನೆ ಕೇಳ್ರಿ. ಚೌಕ ಅಂತ ಹುಡುಗ ಅಂದ್ರ ಪಟ್ಟಿ ಕೊಟ್ಟು ಅಳೀ ಅನ್ರಿ.

ರಾಣೆಬೆನ್ನೂರಿನ ಅಜ್ಜ

ಇನ್ನೊಂದಕ್ಕೆ 'ಬಯಲಾಟ'. 'ರಾತ್ರಿ ಹುಟ್ಟಿ ಬೆಳಗಾಗುವ ತನಕ ಬಾಳುವ ರಾಜ, ಕಿರೀಟ ಉಂಟು, ಅರಮನೆ ಇಲ್ಲ. ಅವನನ್ನು ಎಲ್ಲಿ ನೋಡಿದಿರಿ?' ಎಂದು ಬರೆಯಮ್ಮ. ನಾನೇ ಈಗ ಕಟ್ಟಿದ್ದು. ಅತ್ತೆಯವರಿಗೆ ಓದಿ ಹೇಳಿ, ಅವರು ಊರಲ್ಲಿ ನೋಡಿದ ಆಟದ ಮಾತು ತೆಗೆದರೆ ಅಂದು ಊಟ ತಡವಾದರೂ ಆಗಲಿ. ಎರಡನೇ ಅಕ್ಷರ 'ಯ'.